ಓದುಗರ ಪ್ರಶ್ನೆ: ವ್ಯಾಟ್ ಹೆಚ್ಚಿಸಬೇಕೋ, ಆಂಟೆನಾ ಎತ್ತರಿಸಬೇಕೋ?

ಈ ಸಲದ ಪ್ರಶ್ನೆಗಳೆಲ್ಲ ಹ್ಯಾಮ್ (ಹವ್ಯಾಸಿ) ರೇಡಿಯೊದ ಅತಿ ಕಡಿಮೆ ಆವರ್ತನದ ಎರಡು ಬ್ಯಾಂಡ್‌ಗಳ ಬಗ್ಗೆ. ಒಂದು 630 ಮೀಟರ್ (472–479 ಕಿಲೊಹರ್ಟ್ಸ್), ಇನ್ನೊಂದು 2200 ಮೀಟರ್ (135.7–137.8 ಕಿಲೊಹರ್ಟ್ಸ್). ಭಾರತದಲ್ಲಿರುವವರು ಪರವಾನಗಿಯ ಅನುಬಂಧದಲ್ಲಿ ಈ ಬ್ಯಾಂಡ್ ಇದೆಯೇ ಎಂದು ನೋಡಿಕೊಂಡೇ ಟ್ರಾನ್ಸ್‌ಮಿಟರ್ ಮುಟ್ಟಬೇಕು. ಕೇಳುವುದಕ್ಕೆ ಆ ಅಡ್ಡಿಯಿಲ್ಲ. 160 ಮೀಟರ್ ಬ್ಯಾಂಡ್‌ನಲ್ಲಿ ಗಿಡ್ಡ ಆಂಟೆನಾ ಕಟ್ಟುವವರಿಗೂ ಇಲ್ಲಿನ ತತ್ವಗಳು ಹೊಂದುತ್ತವೆ.

ಪ್ರಶ್ನೆ: 630 ಮೀಟರ್‌ನಲ್ಲಿ ನನ್ನದು 400 ವ್ಯಾಟ್, ಆಂಟೆನಾ ಎತ್ತರ 8 ಮೀಟರ್, ತುದಿಯಿಂದ ಅಡ್ಡಕ್ಕೆ 20 ಮೀಟರ್ ತಂತಿ. ಗೆಳೆಯರದು ಬರೀ 100 ವ್ಯಾಟ್, ಆದರೆ ಎತ್ತರ 16 ಮೀಟರ್, ಅಡ್ಡ ತಂತಿ 30 ಮೀಟರ್. ದೂರದಲ್ಲಿ ಯಾರದು ಜೋರಾಗಿ ಕೇಳಬೇಕು? – ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ಇಬ್ಬರ ನಷ್ಟವೂ ಒಂದೇ ಆಗಿದ್ದರೆ ಹೆಚ್ಚುಕಡಿಮೆ ಸಮ. ನಿಜವಾಗಿ ನೋಡಿದರೆ ಗೆಳೆಯರದೇ ಮೇಲುಗೈ.

ಈ ಬ್ಯಾಂಡ್‌ಗಳಲ್ಲಿ ವ್ಯಾಟ್ ಹೋಲಿಸಿದರೆ ದಾರಿ ತಪ್ಪುತ್ತೇವೆ. ಹೋಲಿಸಬೇಕಾದದ್ದು ಆಂಟೆನಾದ ಬುಡದಲ್ಲಿ ಹರಿಯುವ ಕರೆಂಟನ್ನು ಅದರ ಪರಿಣಾಮಕಾರಿ ಎತ್ತರದಿಂದ ಗುಣಿಸಿದಾಗ ಬರುವ ಮೀಟರ್-ಆಂಪಿಯರ್ ಅನ್ನು. ಬರೀ ನೆಟ್ಟಗಿನ ತಂತಿಯಲ್ಲಿ ಕರೆಂಟ್ ಬುಡದಲ್ಲಿ ಪೂರ್ತಿ ಇದ್ದು ತುದಿಗೆ ಹೋಗುವಷ್ಟರಲ್ಲಿ ಸೊನ್ನೆಯಾಗುತ್ತದೆ. ಹಾಗಾಗಿ ಪರಿಣಾಮಕಾರಿ ಎತ್ತರ ಅರ್ಧ ಮಾತ್ರ. ಮೇಲೆ ಅಡ್ಡ ತಂತಿ ಕಟ್ಟಿದರೆ ಕರೆಂಟ್ ಅಲ್ಲಿಯವರೆಗೂ ಹೋಗುತ್ತದೆ, ಎತ್ತರದ ಬಹುಪಾಲು ಕೆಲಸಕ್ಕೆ ಬರುತ್ತದೆ. ಲೆಕ್ಕಕ್ಕೆ ನೆಟ್ಟಗಿನ ತಂತಿಗೆ ಮೀಟರಿಗೆ 6 ಪಿಕೊಫ್ಯಾರಡ್, ಅಡ್ಡ ತಂತಿಗೆ 5 ಪಿಕೊಫ್ಯಾರಡ್ ಹಿಡಿಯಿರಿ. ನಿಮ್ಮದು ಮೇಲೆ 100, ಕೆಳಗೆ 48. ಮೇಲಿನದಕ್ಕೆ ಕೆಳಗಿನದರ ಅರ್ಧ ಸೇರಿಸಿ ಒಟ್ಟು ಮೊತ್ತದಿಂದ ಭಾಗಿಸಿದರೆ 124/148. ಅದನ್ನು 8 ಮೀಟರಿನಿಂದ ಗುಣಿಸಿದರೆ 6.7 ಮೀಟರ್. ಗೆಳೆಯರದು ಇದೇ ರೀತಿ 12.9 ಮೀಟರ್.

ಈಗ ಒಟ್ಟು ನಷ್ಟದ ರೋಧ ಇಬ್ಬರಿಗೂ 40 ಓಮ್ ಎನ್ನಿ. ನಿಮ್ಮ 400 ವ್ಯಾಟ್ 3.16 ಆಂಪಿಯರ್ ಹರಿಸುತ್ತದೆ, ಅಂದರೆ 21 ಮೀಟರ್-ಆಂಪಿಯರ್. ಅವರ 100 ವ್ಯಾಟ್ 1.58 ಆಂಪಿಯರ್ ಹರಿಸಿದರೂ 20.4 ಬರುತ್ತದೆ. ಎತ್ತರ ಎರಡು ಪಟ್ಟಾದರೆ ಪವರ್ ನಾಲ್ಕು ಪಟ್ಟು ಮಾಡಿದಷ್ಟೇ ಫಲ. ಅಷ್ಟಕ್ಕೇ ನಿಲ್ಲುವುದಿಲ್ಲ: ದೊಡ್ಡ ಆಂಟೆನಾದ ಕೆಪಾಸಿಟಿ ಜಾಸ್ತಿ, ಗಿಡ್ಡ ಆಂಟೆನಾವನ್ನು ಆವರ್ತನಕ್ಕೆ ಹೊಂದಿಸುವ ಲೋಡಿಂಗ್ ಕಾಯಿಲ್ ಚಿಕ್ಕದು ಸಾಕು, ಕಾಯಿಲ್‌ನ ನಷ್ಟವೂ ನೆಲದ ನಷ್ಟವೂ ಇಳಿಯುತ್ತವೆ. ಅವರ ನಷ್ಟ 25 ಓಮ್‌ಗೆ ಇಳಿದರೆ ಕರೆಂಟ್ 2 ಆಂಪಿಯರ್, ಫಲ 25.8 ಮೀಟರ್-ಆಂಪಿಯರ್. ಆಗ ಅವರು 5 ವ್ಯಾಟ್ ಇಐಆರ್‌ಪಿ (ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಆಂಟೆನಾಕ್ಕೆ ಹೋಲಿಸಿ ಅಳೆಯುವ ಹೊರಸೂಸುವ ಪವರ್) ಮಿತಿ ದಾಟುತ್ತಾರೆ, ಟ್ರಾನ್ಸ್‌ಮಿಟರನ್ನು 63 ವ್ಯಾಟಿಗೆ ಇಳಿಸಲೇಬೇಕಾಗುತ್ತದೆ! ನಿಮ್ಮ ದುಡ್ಡು ಇನ್ನೊಂದು ಆಂಪ್ಲಿಫೈಯರ್‌ಗಿಂತ ಕಂಬಕ್ಕೆ ಹೋಗಲಿ.

ಪ್ರಶ್ನೆ: ಅಮೆರಿಕದಲ್ಲಿ ಮಿತಿ 5 ವ್ಯಾಟೋ, 500 ವ್ಯಾಟೋ? ಎರಡನ್ನೂ ಓದಿದ್ದೇನೆ. – ಅದೇ ಓದುಗರು

ಉತ್ತರ: ಎರಡೂ ಸರಿ. 2017ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಈ ಬ್ಯಾಂಡ್‌ಗಳನ್ನು ತೆರೆದಾಗ 630 ಮೀಟರಿಗೆ ಟ್ರಾನ್ಸ್‌ಮಿಟರ್ ಪವರ್ 500 ವ್ಯಾಟ್, ಹೊರಸೂಸುವ ಇಐಆರ್‌ಪಿ 5 ವ್ಯಾಟ್ ಎಂದು ಇಟ್ಟಿತು. 2200 ಮೀಟರಿಗೆ ಕ್ರಮವಾಗಿ 1500 ಮತ್ತು 1. ನೆಲದ ಮೇಲಿನ ಗಿಡ್ಡ ನೆಟ್ಟ ಆಂಟೆನಾದಲ್ಲಿ ಇಐಆರ್‌ಪಿ ಅಂದರೆ ನಿಜಕ್ಕೂ ಹೊರಬಿದ್ದ ಪವರ್‌ನ ಮೂರು ಪಟ್ಟು. 5 ವ್ಯಾಟ್ ಇಐಆರ್‌ಪಿಗೆ 1.67 ವ್ಯಾಟ್ ಹೊರಬಿದ್ದರೆ ಸಾಕು, ಮಿಕ್ಕದ್ದು ಕಾಯಿಲ್ ಮತ್ತು ಮಣ್ಣಿನ ಪಾಲು. ನೆನಪಿಡಬೇಕಾದ ಅಂಕಿಗಳು: 475 ಕಿಲೊಹರ್ಟ್ಸ್‌ನಲ್ಲಿ 1 ವ್ಯಾಟ್ ಇಐಆರ್‌ಪಿಗೆ 9.2 ಮೀಟರ್-ಆಂಪಿಯರ್, 5 ವ್ಯಾಟಿಗೆ 20.5, 137ರಲ್ಲಿ 1 ವ್ಯಾಟಿಗೇ 31.8. ವಿದ್ಯುತ್ ಕಂಪನಿಗಳ ಸಂಘಟನೆಯಾದ ಯುಟಿಸಿಗೆ ಪ್ರಸಾರ ಆರಂಭಿಸುವ 30 ದಿನ ಮೊದಲೇ ತಿಳಿಸಬೇಕೆಂಬುದನ್ನು ಮರೆಯಬೇಡಿ.

ಪ್ರಶ್ನೆ: 630 ಮೀಟರಿಗೆ ಕಟ್ಟಿದ ಆಂಟೆನಾವನ್ನೇ ಕಾಯಿಲ್ ಬದಲಿಸಿ 137 ಕಿಲೊಹರ್ಟ್ಸಿಗೂ ಬಳಸಬಹುದೇ? – ತುಮಕೂರು

ಉತ್ತರ: ಬಳಸಬಹುದು, ಆದರೆ ಲೆಕ್ಕ ನೋಡಿ. 10 ಮೀಟರ್ ಎತ್ತರ, 30 ಮೀಟರ್ ಅಡ್ಡ ತಂತಿಯ ಆಂಟೆನಾದ ಕೆಪಾಸಿಟಿ ಸುಮಾರು 210 ಪಿಕೊಫ್ಯಾರಡ್. 475ರಲ್ಲಿ ಅದಕ್ಕೆ 535 ಮೈಕ್ರೊಹೆನ್ರಿ ಕಾಯಿಲ್ ಬೇಕು: 160 ಮಿಲಿಮೀಟರ್ ಪಿವಿಸಿ ಪೈಪಿನ ಮೇಲೆ, ಹೊರ ಕವಚ ಸೇರಿ 3 ಮಿಲಿಮೀಟರ್ ದಪ್ಪದ ವೈರಿಂಗ್ ತಂತಿಯ 82 ಸುತ್ತು, ಒತ್ತಾಗಿ. 90 ಸುತ್ತು ಸುತ್ತಿ, ಕೊನೆಯ ಹದಿನೈದರಲ್ಲಿ ಮೂರು ಸುತ್ತಿಗೊಂದು ಟ್ಯಾಪ್ ತೆಗೆಯಿರಿ. ಟ್ಯಾಪ್ ನಡುವಿನ ಸಣ್ಣ ಹೊಂದಾಣಿಕೆಗೆ ಪೈಪಿನೊಳಗೆ ತಿರುಗುವ ಚಿಕ್ಕ ಕಾಯಿಲ್ ಒಂದನ್ನು ಸರಣಿಯಲ್ಲಿ ಸೇರಿಸಿ.

137ರಲ್ಲಿ ಬೇಕಾದದ್ದು 6.4 ಮಿಲಿಹೆನ್ರಿ, ಹನ್ನೆರಡು ಪಟ್ಟು. ವಿಕಿರಣ ರೋಧ (ಹೊರಬೀಳುವ ಪವರಿಗೆ ಸಂಬಂಧಿಸಿದ ರೋಧ) 0.29 ಓಮ್‌ನಿಂದ 0.024ಕ್ಕೆ ಕುಸಿಯುತ್ತದೆ. 1 ವ್ಯಾಟ್ ಇಐಆರ್‌ಪಿಗೆ 3.7 ಆಂಪಿಯರ್ ಬೇಕು. ನಷ್ಟ 80 ಓಮ್ ಇದ್ದರೆ 1100 ವ್ಯಾಟ್. ಭಯಪಡಬೇಕಾದದ್ದು ವೋಲ್ಟೇಜಿಗೆ. ಕಾಯಿಲ್‌ನ ಮೇಲ್ತುದಿಯಲ್ಲಿ 20,000 ವೋಲ್ಟ್, ಅಲೆಯ ಶಿಖರದಲ್ಲಿ 29,000. ಪಿವಿಸಿ ಕರಗುತ್ತದೆ, ತಂತಿಯ ಚೂಪು ತುದಿಯಲ್ಲಿ ಕರೋನಾ (ಗಾಳಿಯಲ್ಲಿ ಕಾಣುವ ವಿದ್ಯುತ್ ಹೊಳಪು) ಹೊತ್ತಿಕೊಳ್ಳುತ್ತದೆ, ತಾಗಿದ ತೆಂಗಿನ ಗರಿ ಸುಡುತ್ತದೆ. ತೆಂಗಿನ ಮರಕ್ಕೆ ಕಟ್ಟುವವರು ತಂತಿ ಮತ್ತು ಗರಿಯ ನಡುವೆ ಮೂರು-ನಾಲ್ಕು ಮೀಟರ್ ನೈಲಾನ್ ಹಗ್ಗ ಬಿಡಿ. ಸೆಣಬಿನ ಹಗ್ಗ ಮಳೆಯಲ್ಲಿ ನೆನೆದರೆ ಅದೇ ತಂತಿಯಾಗುತ್ತದೆ. ಸುತ್ತ ಬೇಲಿ ಹಾಕದೆ ಈ ಕಾಯಿಲಿಗೆ ಪವರ್ ಕೊಡಲೇಬೇಡಿ.

ಪ್ರಶ್ನೆ: ಎಸ್‌ಡಬ್ಲ್ಯುಆರ್ (ಕೇಬಲಿಗೂ ಆಂಟೆನಾಕ್ಕೂ ಇರುವ ಹೊಂದಾಣಿಕೆ ತೋರಿಸುವ ಅನುಪಾತ) 1:1 ಇತ್ತು. ಇನ್ನಷ್ಟು ರೇಡಿಯಲ್ (ಆಂಟೆನಾದ ಬುಡದಿಂದ ಸುತ್ತಲೂ ನೆಲದಲ್ಲಿ ಹರಡುವ ತಂತಿ) ಹೂತ ಮೇಲೆ 1:2 ಆಯಿತು. ರೇಡಿಯಲ್ ತೆಗೆದುಬಿಡಲೇ? – ಕೋಲಾರ

ಉತ್ತರ: ದಯವಿಟ್ಟು ತೆಗೆಯಬೇಡಿ, ನಿಮ್ಮ ಆಂಟೆನಾ ಸುಧಾರಿಸಿದೆ. ಮೊದಲು ನಿಮ್ಮ ಒಟ್ಟು ನಷ್ಟ 50 ಓಮ್ ಆಸುಪಾಸು ಇತ್ತು, ಅದು ಕೇಬಲಿಗೆ ತಾನಾಗಿ ಹೊಂದಿತ್ತು. ರೇಡಿಯಲ್ ಹೂತ ಮೇಲೆ 25 ಓಮ್‌ಗೆ ಇಳಿದಿರಬೇಕು. ಅಷ್ಟೇ ಪವರಿಗೆ ಕರೆಂಟ್ 1.4 ಪಟ್ಟು, ಸಿಗ್ನಲ್ 3 ಡೆಸಿಬೆಲ್ ಮೇಲೆ. ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್‌ನ ಟ್ಯಾಪ್ ಬದಲಿಸಿ ಮತ್ತೆ 1:1 ಮಾಡಿಕೊಳ್ಳಿ.

ನಂಬಬೇಕಾದ ಮೀಟರ್ ಕರೆಂಟ್‌ನದು. ಎಫ್‌ಟಿ-114-43 ಫೆರೈಟ್ ಉಂಗುರಕ್ಕೆ 50 ಸುತ್ತು ಹಾಕಿ, ಅದರ ತುದಿಗಳಿಗೆ 50 ಓಮ್ ರೋಧ ಕಟ್ಟಿ, ಉಂಗುರದೊಳಗೆ ಆಂಟೆನಾ ತಂತಿಯನ್ನು ಒಮ್ಮೆ ತೂರಿಸಿ. ಆಂಪಿಯರಿಗೆ ಒಂದು ವೋಲ್ಟ್ ಸಿಗುತ್ತದೆ. ಉಂಗುರ ಕಾಯಿಲ್‌ನ ಕೆಳತುದಿಯಲ್ಲೇ ಇರಲಿ; ಮೇಲ್ತುದಿಯ ವೋಲ್ಟೇಜಿಗೆ ಕಿಡಿ ಹಾರುತ್ತದೆ. ಪವರನ್ನು ಕರೆಂಟಿನ ವರ್ಗದಿಂದ ಭಾಗಿಸಿದರೆ ಒಟ್ಟು ರೋಧ ಗೊತ್ತಾಗುತ್ತದೆ.

ಕೋಲಾರದ ಗಟ್ಟಿ ಕೆಂಪು ನೆಲದಲ್ಲಿ ಉದ್ದದ ಕೆಲವೇ ರೇಡಿಯಲ್‌ಗಿಂತ ಗಿಡ್ಡನೆಯ ಹಲವು ಮೇಲು. ಅಡ್ಡ ತಂತಿಯ ನೆರಳು ಬೀಳುವ ಜಾಗವನ್ನೆಲ್ಲ ಮುಚ್ಚಿ, ಆಚೆಗೂ ಕೆಲವು ಮೀಟರ್ ಚಾಚಿ. ಹತ್ತಿರ ಬೋರ್‌ವೆಲ್‌ನ ಕಬ್ಬಿಣದ ಕೇಸಿಂಗ್ ಪೈಪ್ ಇದ್ದರೆ ಅದನ್ನೂ ಸೇರಿಸಿ. ಮನೆಯ ವೈರಿಂಗಿನ ಅರ್ಥ್ ಮಾತ್ರ ಈ ಕೆಲಸಕ್ಕೆ ಬೇಡ. ಮಳೆಗಾಲಕ್ಕೂ ಬೇಸಿಗೆಗೂ ಅಂಕಿ ಬದಲಾಗುತ್ತದೆ; ಅಳೆದ ದಿನಾಂಕ ಬರೆದಿಡಿ.

ಪ್ರಶ್ನೆ: ಎರಡು ಆಂಟೆನಾ ಹೋಲಿಸಲು ಡಬ್ಲ್ಯುಎಸ್‌ಪಿಆರ್ (ಕ್ಷೀಣ ಸಿಗ್ನಲ್ ಎಲ್ಲೆಲ್ಲಿ ಎಷ್ಟು ಜೋರಾಗಿ ಕೇಳಿತೆಂದು ತಿಳಿಸುವ ವ್ಯವಸ್ಥೆ) ವರದಿ ಸಾಕೇ? – ಮೈಸೂರು

ಉತ್ತರ: ಸಾಕು, ಆದರೆ ಇವತ್ತು ಒಂದು, ನಾಳೆ ಇನ್ನೊಂದು ಎಂದು ಹೋಲಿಸಬೇಡಿ. ರಾತ್ರಿ ಸಿಗ್ನಲ್ ಗಂಟೆಯೊಳಗೇ 10 ಡೆಸಿಬೆಲ್ ಏರಿಳಿಯುವುದು ಮಾಮೂಲು. ಪ್ರಸಾರದ ಸರದಿಗಳು ಎರಡೆರಡು ನಿಮಿಷದವು. ಒಂದರಲ್ಲಿ ಮೊದಲ ಆಂಟೆನಾ, ಮುಂದಿನದರಲ್ಲಿ ಎರಡನೆಯದು ಎಂದು ಅದಲುಬದಲು ಮಾಡಿ. ಬಳಸದ ಆಂಟೆನಾವನ್ನು ಬುಡದಲ್ಲಿ ಬಿಚ್ಚಿಡಿ, ಇಲ್ಲವಾದರೆ ಅದು ಶಕ್ತಿ ಹೀರುತ್ತದೆ. ಒಂದೇ ಕೇಳುಗ ಕೇಂದ್ರದ ಕನಿಷ್ಠ ಮೂವತ್ತು ಜೋಡಿ ವರದಿ ತೆಗೆದು, ಜೋಡಿಯ ವ್ಯತ್ಯಾಸಗಳ ಮಧ್ಯಾಂಕ ನೋಡಿ. 1 ಡೆಸಿಬೆಲ್ ವ್ಯತ್ಯಾಸವನ್ನು ತೀರ್ಪಾಗಿ ತೆಗೆದುಕೊಳ್ಳಬೇಡಿ. ಹಗಲಿನ ನೆಲದಲೆ ಸಿಗುವಷ್ಟು ಹತ್ತಿರದ ಕೇಂದ್ರವಿದ್ದರೆ ಅದರ ವರದಿಯೇ ಹೆಚ್ಚು ನಂಬಿಗಸ್ತ.

ಪ್ರಶ್ನೆ: 475ರಲ್ಲಿ ಕೇಳಲು ಹೋದರೆ ಡಯಲ್ ತುಂಬ ಆಕಾಶವಾಣಿಯ ಹಾಡು. ಆಂಟೆನಾ ದೊಡ್ಡದು ಮಾಡಲೇ? – ಧಾರವಾಡ

ಉತ್ತರ: ಮಾಡಿದರೆ ಇನ್ನೂ ಕೆಡುತ್ತದೆ. ನಿಮ್ಮೂರಿನ 765 ಕಿಲೊಹರ್ಟ್ಸ್ ಕೇಂದ್ರದ ಅಬ್ಬರಕ್ಕೆ ರಿಸೀವರ್ ತಾಳದೆ ಹುಟ್ಟಿಸುತ್ತಿರುವ ಭೂತಗಳು ಅವು. ಆಂಟೆನಾ ಮತ್ತು ರಿಸೀವರ್ ನಡುವೆ 50 ಓಮ್‌ನ ಲೋ-ಪಾಸ್ ಫಿಲ್ಟರ್ (ಕೆಳಗಿನ ಆವರ್ತನಗಳನ್ನಷ್ಟೇ ಬಿಡುವ ಫಿಲ್ಟರ್) ಕೂರಿಸಿ. ಎರಡು ತುದಿಗಳಲ್ಲಿ 3.9 ನ್ಯಾನೊಫ್ಯಾರಡ್, ನಡುವೆ 12.7 (12 ನ್ಯಾನೊಗೆ 680 ಪಿಕೊ ಸಮಾಂತರವಾಗಿ), ಇವುಗಳ ಮಧ್ಯೆ 25.7 ಮೈಕ್ರೊಹೆನ್ರಿಯ ಎರಡು ಕಾಯಿಲ್. 765 ಸುಮಾರು 18 ಡೆಸಿಬೆಲ್ ತಗ್ಗುತ್ತದೆ, 475ರಲ್ಲಿ ಕಳೆದುಕೊಳ್ಳುವುದು 2 ಡೆಸಿಬೆಲ್. ಇಲ್ಲಿ ಹೊರಗಿನ ಗದ್ದಲವೇ ಜಾಸ್ತಿಯಾದ್ದರಿಂದ ಆ ನಷ್ಟ ಲೆಕ್ಕಕ್ಕಿಲ್ಲ. ಅದೂ ಸಾಲದಿದ್ದರೆ ಇನ್ನೊಂದು ಫಿಲ್ಟರ್ ಸೇರಿಸಿ. ಸಕ್ರಿಯ ಆಂಟೆನಾ ಇದ್ದರೆ ಮಾತ್ರ ಎಚ್ಚರ: ಅದರ ಆಂಪ್ಲಿಫೈಯರೇ ತುಂಬಿ ಹರಿಯುತ್ತಿದ್ದರೆ ಆಮೇಲೆ ಬರುವ ಫಿಲ್ಟರ್ ಏನೂ ಮಾಡಲಾರದು. ಆಗ ಒಂದು ಮೀಟರ್ ಅಡ್ಡಳತೆಯ ಲೂಪ್ ಕಟ್ಟಿ, 475ಕ್ಕೆ ಟ್ಯೂನ್ ಮಾಡಿ, ಆಕಾಶವಾಣಿ ಅತಿ ಕ್ಷೀಣವಾಗುವ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಎಲ್‌ಇಡಿ ಬಲ್ಬ್, ಚಾರ್ಜರ್, ಯುಪಿಎಸ್‌ಗಳಿಂದ ಹತ್ತು ಮೀಟರಾದರೂ ದೂರವಿರಲಿ.