ಅಧಿಕೃತ ಇನ್‌ಸ್ಟಾಲರ್‌ನಿಂದಲೂ ಅಪಾಯವೇ?

ಪ್ರಶ್ನೆ: ಪಠ್ಯ ಬರೆದು ತಿದ್ದುವ ತಂತ್ರಾಂಶವಾದ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ 8.8.1 ಆವೃತ್ತಿಯನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಂಡು ಹಾಕಿಕೊಂಡಿದ್ದೇನೆ. ಅದರ ಇನ್‌ಸ್ಟಾಲರ್‌ನಲ್ಲಿ ಭದ್ರತಾ ದೋಷವಿತ್ತೆಂದು ಈಗ ತಿಳಿಯಿತು. ಅಸಲಿ ಕಡತದಿಂದ ಅಪಾಯ ಹೇಗೆ? ತಂತ್ರಾಂಶವನ್ನು ತೆಗೆದುಹಾಕಬೇಕೇ?

ಉತ್ತರ: ತೆಗೆದುಹಾಕಬೇಕಿಲ್ಲ. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2025-49144 ಎಂದು ದಾಖಲಾಗಿರುವ ಈ ದೋಷ ಇದ್ದದ್ದು ಇನ್‌ಸ್ಟಾಲರ್‌ನಲ್ಲಿ. ಅದು ಓಡುವ ಹೊತ್ತಿನಲ್ಲಿ ಮಾತ್ರ ಅದರಿಂದ ಅಪಾಯ.

ಆಗ ನಡೆಯುತ್ತಿದ್ದುದು ಇಷ್ಟು. ಇನ್‌ಸ್ಟಾಲರ್ ತನ್ನ ಕೆಲಸದ ನಡುವೆ ವಿಂಡೋಸ್‌ನದೇ ಆದ 'ರೆಗ್‌ಎಸ್‌ವಿಆರ್32' ಎಂಬ ಪ್ರೋಗ್ರಾಮನ್ನು ಕರೆಯುತ್ತಿತ್ತು. ಅದು ವಿಂಡೋಸ್‌ನ ಸ್ವಂತ ಕಡತಗಳಿರುವ ಸಿಸ್ಟಂ32 ಫೋಲ್ಡರ್‌ನಲ್ಲಿದೆ ಎಂಬ ಪೂರ್ಣ ವಿಳಾಸ ಕೊಡದೆ ಬರಿಯ ಹೆಸರನ್ನಷ್ಟೇ ಹೇಳುತ್ತಿತ್ತು. ಹೀಗೆ ಕರೆದಾಗ ವಿಂಡೋಸ್ ಸಿಸ್ಟಂ32 ಅನ್ನು ನೋಡುವ ಮೊದಲೇ, ಕರೆದ ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲಿ ಹುಡುಕುತ್ತದೆ. ಬಹುತೇಕರು ಇನ್‌ಸ್ಟಾಲರನ್ನು ಡೌನ್‌ಲೋಡ್ಸ್ ಫೋಲ್ಡರ್‌ನಿಂದಲೇ ಓಡಿಸುವುದರಿಂದ, ಅದೇ ಹೆಸರಿನ ದುರುದ್ದೇಶದ ಕಡತವೊಂದು ಮೊದಲೇ ಅಲ್ಲಿ ಬಂದು ಕುಳಿತಿದ್ದರೆ, ಅಸಲಿಗೆ ಬದಲಾಗಿ ಅದೇ ಓಡುತ್ತಿತ್ತು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಪರದೆಯ ಮೇಲೆ ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ಕಾಣುವುದು ಇನ್‌ಸ್ಟಾಲರ್‌ನ ಹೆಸರು ಮಾತ್ರ, ಆದರೆ ನೀವು ಒತ್ತುವ 'ಯೆಸ್' ಅದೊಂದಕ್ಕೇ ಸೀಮಿತವಲ್ಲ. ಇನ್‌ಸ್ಟಾಲರ್ ಯಾವ ಯಾವ ಪ್ರೋಗ್ರಾಮನ್ನು ಶುರುಮಾಡುತ್ತದೆಯೋ ಅವಕ್ಕೂ ಸಾಮಾನ್ಯವಾಗಿ ಅದೇ ಅಡ್ಮಿನ್ ಅಧಿಕಾರ ದಾಟಿಹೋಗುತ್ತದೆ. ಆದ್ದರಿಂದಲೇ ಇನ್‌ಸ್ಟಾಲರ್ ಅಸಲಿಯಾಗಿದ್ದರೂ, ತಯಾರಕರದೇ ಕಡತವೆಂದು ದೃಢಪಡಿಸುವ ಅದರ ಡಿಜಿಟಲ್ ಸಹಿ ಸರಿಯಾಗಿದ್ದರೂ ಇಲ್ಲಿ ರಕ್ಷಣೆ ಸಿಗದು. ಸಾಧಾರಣ ಬಳಕೆದಾರನ ಹಕ್ಕಿನಲ್ಲಿ ಡೌನ್‌ಲೋಡ್ಸ್‌ಗೆ ಬಂದು ಸೇರಿದ ಕಡತ ಇಡೀ ಗಣಕದ ಮೇಲೆ ಹಿಡಿತ ಸಾಧಿಸುವುದು ಹೀಗೆ.

ದೂರದಿಂದ ಒಬ್ಬ ದಾಳಿಕೋರ ಈ ದೋಷವೊಂದರಿಂದಲೇ ಒಳನುಗ್ಗಲಾರ. ನಕಲಿ ಕಡತವನ್ನು ಹೇಗಾದರೂ ಮೊದಲು ನಿಮ್ಮ ಗಣಕಕ್ಕೆ ತಲುಪಿಸಬೇಕು. ಹಾಗೆಂದು ಇದನ್ನು ಕಡೆಗಣಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಎಲ್ಲೆಲ್ಲಿಂದಲೋ ಬಂದ ಕಡತಗಳು ಸೇರುವ ಜಾಗವೇ ಡೌನ್‌ಲೋಡ್ಸ್.

ನಿಮ್ಮ ಡೌನ್‌ಲೋಡ್ಸ್ ಫೋಲ್ಡರನ್ನು ಒಮ್ಮೆ ನೋಡಿ. ರೆಗ್‌ಎಸ್‌ವಿಆರ್32 ಹೆಸರಿನ ಕಡತಕ್ಕೆ ಅಲ್ಲಿ ಏನೂ ಕೆಲಸವಿಲ್ಲ. ಕಂಡರೆ ತೆರೆಯದೆ, ಇಡೀ ಗಣಕವನ್ನು ಆಂಟಿವೈರಸ್‌ನಿಂದ ತಪಾಸಣೆ ಮಾಡಿಸಿ. ಹಳೆಯ ಇನ್‌ಸ್ಟಾಲರನ್ನು ಅಳಿಸಿಬಿಡಿ. 8.8.2ರಲ್ಲಿ ಈ ದೋಷವನ್ನು ಸರಿಪಡಿಸಲಾಗಿದೆ, ಆದ್ದರಿಂದ ಅದಕ್ಕೆ ಅಥವಾ ಅದರ ನಂತರದ ಆವೃತ್ತಿಗೆ ಬದಲಾಯಿಸಿಕೊಳ್ಳಿ. ಮುಂದೆ ಯಾವುದೇ ಇನ್‌ಸ್ಟಾಲರನ್ನು ಓಡಿಸುವ ಮುನ್ನ, ಹೊಸ ಖಾಲಿ ಫೋಲ್ಡರೊಂದನ್ನು ಮಾಡಿ ಅದರೊಳಕ್ಕೆ ಸರಿಸಿಕೊಳ್ಳಿ.