ಎರಡೂವರೆ ವರ್ಷದ ಮಗಳು ಊಟಾನೇ ಮಾಡಲ್ಲ, ಮೊಬೈಲ್ ಇಟ್ರೆ ಮಾತ್ರ ಬಾಯಿ ಬಿಡ್ತಾಳೆ, 11 ಕೆ.ಜಿ. ಇದ್ದಾಳೆ. ತೂಕ ಹೆಚ್ಚೋಕೆ ಏನು ತಿನ್ನಿಸಬೇಕು?

"ಮೊಬೈಲ್ ಇಟ್ರೆ ಮಾತ್ರ ಬಾಯಿ ಬಿಡ್ತಾಳೆ" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ ಅಂತು. ಒಂಬತ್ತು ವರ್ಷದ ಹಿಂದೆ ತುಮಕೂರಿನ ಬಾಡಿಗೆ ಮನೆಯಲ್ಲಿ ನಾನೂ ಹೀಗೇ ಕೂತಿರ್ತಿದ್ದೆ.

ಮಗನಿಗೆ ಆಗ ಎರಡು ವರ್ಷ. ಒಂದು ಊಟಕ್ಕೆ ಒಂದೂಕಾಲು ಗಂಟೆ. ಅನ್ನ, ತೊವ್ವೆ, ತುಪ್ಪ ನುಣ್ಣಗೆ ಕಿವುಚಿ, ಬಟ್ಟಲು ಹಿಡ್ಕೊಂಡು ಅಂಗಳ, ಗೇಟು, ಪಕ್ಕದ ಮನೆ ನಾಯಿ ಅಂತ ಸುತ್ತೋದು. ಅವನು ತುತ್ತನ್ನು ಎಡಗೆನ್ನೆಯಲ್ಲಿ ಇಟ್ಕೊಂಡು ನುಂಗದೆ ಕೂರೋನು. ನಾನು ಬೆರಳಿಂದ ಕೆನ್ನೆ ಒತ್ತಿ ನೋಡ್ತಿದ್ದೆ, ಖಾಲಿ ಆಯ್ತಾ ಅಂತ. ಊರಿಂದ ಬಂದ ಅತ್ತೆ "ಮಗು ಸೊರಗಿದೆ" ಅಂದ ದಿನ ಎರಡು ತುತ್ತು ಜಾಸ್ತಿ.

ಮೊಬೈಲೇ ತಪ್ಪು ಅಂತ ಎಲ್ಲರೂ ಹೇಳ್ತಾರೆ. ಆದರೆ ಮೊಬೈಲ್ ಆಮೇಲೆ ಬಂದಿದ್ದು. ನನ್ನ ತಪ್ಪು ಅದಕ್ಕಿಂತ ಮುಂಚಿನದು: ಅವನು "ಸಾಕು" ಅಂದಾಗ ನಾನು ನಂಬಲಿಲ್ಲ. ಅಮ್ಮ, ಅಜ್ಜಿ, ಕಾಕ ಆದಮೇಲೆ ಅವನು ಕಲಿತ ಮಾತೇ "ಸಾಕು". ಹಾಗಂದು ಮುಖ ತಿರುಗಿಸೋನು. ನಾನು "ಇನ್ನೊಂದೇ ತುತ್ತು, ಇದು ಅಜ್ಜಿದು, ಇದು ತಾತಂದು" ಅಂತ ತುರುಕ್ತಿದ್ದೆ. ಅಷ್ಟು ತಿನ್ನಬೇಕು ಅಂತ ಯಾರು ಅಳತೆ ಕೊಟ್ಟಿದ್ದರು? ನಾನು ನೋಡ್ತಿದ್ದದ್ದು ಬಟ್ಟಲನ್ನ, ಅವನ ಹೊಟ್ಟೆಯನ್ನಲ್ಲ. ಮಾತಿಗೆ ಬೆಲೆ ಇಲ್ಲ ಅಂತ ಗೊತ್ತಾದಾಗ ಬಾಯಿ ಬಿಗಿ ಹಿಡಿಯೋದು ಕಲಿತ. ಆ ಬಾಯಿ ತೆರೆಸೋಕೆ ಮೊಬೈಲ್ ತಂದೆ. ಊಟ ಕಮ್ಮಿ ಆಯ್ತು ಅಂತ ಮೇಲಿಂದ ಹಾಲು ಬೇರೆ, ದಿನಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಲೀಟರು. ಹಾಲು ತುಂಬಿದ ಹೊಟ್ಟೆಗೆ ಅನ್ನ ಎಲ್ಲಿಂದ ಹೋಗುತ್ತೆ? ಹಾಲಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9 ಬಂತು, 11 ಆದರೂ ಇರಬೇಕಿತ್ತು.

ಆರು ವರ್ಷಕ್ಕೆ ಎಲ್ಲಾ ಉಲ್ಟಾ. ಟಿವಿ ಮುಂದೆ ಕೂತರೆ ಎಷ್ಟು ಹಾಕಿದರೂ ತಿನ್ನೋನು, ತೂಕ 30 ಕೆ.ಜಿ. ಮುಟ್ಟಿತು. ಒಂದು ದಿನ "ಹೊಟ್ಟೆ ತುಂಬ್ತಾ ಪುಟ್ಟ?" ಅಂದೆ. ಉತ್ತರಕ್ಕೆ ನನ್ನ ಮುಖ ನೋಡಿದ. ಅವತ್ತು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಆಮೇಲೆ ಬಿಸ್ಕತ್ತಿನ ಡಬ್ಬಿ ಅಟ್ಟಕ್ಕೇರಿಸಿದೆ, ಅದೂ ಎಡವಟ್ಟಾಯ್ತು. ಕದ್ದು ತಿನ್ನೋಕೆ ಶುರು ಮಾಡಿದ.

ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಲಿಯಾನ್ ಬರ್ಚ್ ತಂಡ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. "ಮುಗಿಸು, ಮುಗಿಸು" ಅಂತ ಹೇಳಿಸಿಕೊಂಡ ಸೂಪನ್ನು ಮಕ್ಕಳು ಬೈದುಕೊಂಡರು, ಯಾರೂ ಒತ್ತಾಯ ಮಾಡದ ಸೂಪನ್ನೇ ಜಾಸ್ತಿ ಕುಡಿದರು. ಹಾಗಂತ ಸಣ್ಣಗಿರೋ ಮಕ್ಕಳೆಲ್ಲ ಒತ್ತಾಯದಿಂದ ಸಣ್ಣಗಾದವರಲ್ಲ. ಮಗು ಸಣ್ಣಗಿದೆ ಅಂತಲೇ ನಾವು ಒತ್ತಾಯ ಮಾಡ್ತೀವಿ, ಅದೂ ಇದೆ.

ಅದಕ್ಕೇ ಹೇಳ್ತೀನಿ, "ಏನು ತಿನ್ನಿಸಲಿ" ಅನ್ನೋ ಪ್ರಶ್ನೆಯನ್ನೇ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಬೆಳವಣಿಗೆ ನಕ್ಷೆಯಲ್ಲಿ ಎರಡೂವರೆ ವರ್ಷದ ಹೆಣ್ಣುಮಗುವಿನ ನಡುಗೆರೆ 12.7 ಕೆ.ಜಿ., ಆದರೆ ಸುಮಾರು 10ರವರೆಗೂ ಸಾಮಾನ್ಯವೇ. ನಿಮ್ಮ ಮಗಳು ಅದರೊಳಗೇ ಇದ್ದಾಳೆ. ವರ್ಷ ತುಂಬಿದ ಮೇಲೆ ಮಕ್ಕಳು ಮೊದಲಿನ ವೇಗದಲ್ಲಿ ಬೆಳೆಯಲ್ಲ, ಹಸಿವೂ ಇಳಿಯುತ್ತೆ. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಅವಳ ಗೆರೆ ಕೆಳಗೆ ಜಾರ್ತಿದ್ದರೆ, ನುಂಗೋಕೆ ಕಷ್ಟಪಟ್ಟರೆ, ಪದೇ ಪದೇ ವಾಂತಿ ಆದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಡಬ್ಬದ ಪುಡಿಗಳಿಗೆ ದುಡ್ಡು ಸುರೀಬೇಡಿ.

ಹಾಲು ಅರ್ಧ ಲೀಟರ್ ದಾಟದಿರಲಿ. ಎಲ್ಲರ ಜೊತೆ ನೆಲದ ಮೇಲೆ ಕೂರಿಸಿ, ಮಾಡಿದ್ದರಲ್ಲೇ ಒಂದೊಂದು ಚಮಚ ಅವಳ ತಟ್ಟೆಗೆ ಹಾಕಿ. ಕಲಸಲಿ, ಚೆಲ್ಲಲಿ. ಏನು, ಯಾವಾಗ ಅನ್ನೋದು ನಿಮ್ಮದು, ಎಷ್ಟು ಅನ್ನೋದು ಅವಳದು. ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ, ಬೈಬೇಡಿ, ಹಿಂದೆಯೇ ಬಿಸ್ಕತ್ತು ಕೊಡಬೇಡಿ. ಮೊದಮೊದಲು ಇನ್ನೂ ಕಮ್ಮಿ ತಿಂತಾಳೆ, ನಾಲ್ಕನೇ ದಿನಕ್ಕೆ ತುತ್ತು ತುರುಕದೆ ನಿಮ್ಮ ಕೈ ತಡೆಯಲ್ಲ. ಆಗ ಆ ಕೈಯಿಂದ ನಿಮ್ಮ ತಟ್ಟೆಗೇ ಬಡಿಸ್ಕೊಂಡು, ಬಿಸಿ ಇರುವಾಗಲೇ, ಅವಳ ಪಕ್ಕ ಕೂತು ಊಟ ಮಾಡಿ.