ದೇವರ ಮಾತು ಕೇಳಿದ್ದಕ್ಕೆ ಇದೇನಾ ಸಿಕ್ಕಿದ್ದು?

ಪತ್ರ

ಅಕ್ಕಾ, ಕ್ರಿಸ್ತನಲ್ಲಿ ವಂದನೆಗಳು. ನನಗೆ 41 ವರ್ಷ. ಗದಗ ಜಿಲ್ಲೆಯವಳು. ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾಲೀಕರು ಸುಳ್ಳು ಬಿಲ್ ಮಾಡಲು, ಎರಡು ಲೆಕ್ಕ ಇಡಲು ಹೇಳುತ್ತಿದ್ದರು. ಬಹಳ ದಿನ ಮಾಡಿದೆ. ಮನಸ್ಸು ಒಪ್ಪಲಿಲ್ಲ. ಪ್ರಾರ್ಥನೆ ಮಾಡಿ, ಕಳೆದ ವರ್ಷ ಕೆಲಸ ಬಿಟ್ಟೆ. ದೇವರು ದಾರಿ ತೋರಿಸುತ್ತಾನೆ ಎಂದು ನಂಬಿದ್ದೆ.

ನಾಲ್ಕೇ ತಿಂಗಳಿಗೆ ಗಂಡನ ಎರಡೂ ಕಿಡ್ನಿ ಹೋಗಿವೆ ಎಂದರು. ಅವರಿಗೆ ಹತ್ತು ವರ್ಷದಿಂದ ಶುಗರ್ ಇದೆ. ಆಟೋ ಓಡಿಸುತ್ತಿದ್ದರು, ಈಗ ಆಗುವುದಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮಗ ಪಿಯುಸಿ ಎರಡನೇ ವರ್ಷ. ಹೋದ ತಿಂಗಳು ಹೊರಗಿನಿಂದ ಬಂದ ಒಬ್ಬ ಬೋಧಕರು ಇವರ ತಲೆ ಮೇಲೆ ಕೈಯಿಟ್ಟು, ವಾಸಿಯಾಗಿದೆ ಎಂದರು. ಅಂದಿನಿಂದ ಇವರು ‘ನಂಬಿಕೆ ಇದ್ರ ಮಷಿನ್ ಯಾಕ ಬೇಕು?’ ಅನ್ನುತ್ತಿದ್ದಾರೆ. ನನ್ನ ಬಳೆಯನ್ನು ಕಾಣಿಕೆ ಕೊಟ್ಟರೆ ಎರಡರಷ್ಟು ಬರುತ್ತದೆ ಎಂದೂ ಆ ಕೂಟದವರು ಹೇಳಿದ್ದಾರೆ. ನಾದಿನಿ, ಮನೆಯಲ್ಲಿ ಏನೋ ಪಾಪ ಉಳಿದಿದೆ ಅನ್ನುತ್ತಾಳೆ. ಈಗ ಹಳೇ ಮಾಲೀಕರು ಜಾಸ್ತಿ ಸಂಬಳಕ್ಕೆ ಮತ್ತೆ ಕರೆಯುತ್ತಿದ್ದಾರೆ. ಅದೇ ಕೆಲಸ.

ನನಗೆ ಪ್ರಾರ್ಥನೆ ಮಾಡಲು ಬಾಯೇ ಬರುತ್ತಿಲ್ಲ. ದೇವರ ಮಾತು ಕೇಳಿದ್ದಕ್ಕೆ ಇದೇನಾ ಸಿಕ್ಕಿದ್ದು? ವಾಪಸ್ ಹೋಗಲಾ?

ಹೆಸರು ಬೇಡ

ಉತ್ತರ

ತಂಗಿ, ನಿಮ್ಮ ಪತ್ರದಲ್ಲಿರುವ ಬೇರೆಲ್ಲ ಪ್ರಶ್ನೆಗಳನ್ನು ನಿಧಾನವಾಗಿ ಯೋಚಿಸಬಹುದು. ಒಂದಕ್ಕೆ ಮಾತ್ರ ಸಮಯ ಇಲ್ಲ. ಅದನ್ನೇ ಮೊದಲು ಹೇಳುತ್ತೇನೆ. ಡಯಾಲಿಸಿಸ್ ನಿಲ್ಲಿಸಬೇಡಿ. ಒಂದು ಸರದಿಯೂ ತಪ್ಪಬಾರದು. ‘ಒಂದು ವಾರ ಬಿಟ್ಟು ನೋಡೋಣ’ ಅನ್ನುವ ಮಾತಿಗೂ ಒಪ್ಪಬೇಡಿ.

ಕಿಡ್ನಿ ಕೆಲಸ ಮಾಡದಿದ್ದಾಗ ಮೈಯಲ್ಲಿನ ನೀರು ಹೊರಗೆ ಹೋಗುವುದಿಲ್ಲ. ಅದು ಶ್ವಾಸಕೋಶದಲ್ಲಿ ತುಂಬಿಕೊಂಡರೆ ಉಸಿರಾಡುವುದೇ ಕಷ್ಟ. ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ. ಅದು ಮಿತಿ ಮೀರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಇಂಥ ಕಾಯಿಲೆಯವರು ಇವತ್ತು ಚೆನ್ನಾಗಿ ಮಾತಾಡುತ್ತಿದ್ದಾರೆ ಎಂದ ಮಾತ್ರಕ್ಕೆ ನಾಳೆ ಹಾಗೇ ಇರುತ್ತಾರೆ ಎನ್ನುವಂತಿಲ್ಲ. (ನೋಡಲು ಬರುವ ನೆಂಟರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ. ಎರಡರಲ್ಲೂ ಪೊಟ್ಯಾಶಿಯಂ ಜಾಸ್ತಿ. ಇವರಿಗೆ ಕೊಡಬೇಡಿ. ಉಪವಾಸ ಪ್ರಾರ್ಥನೆಗೂ ಡಾಕ್ಟರನ್ನು ಕೇಳದೆ ಕೂರಿಸಬೇಡಿ.)

ಗಂಡನಿಗೆ ಇದನ್ನು ವೈದ್ಯಶಾಸ್ತ್ರದಿಂದ ಹೇಳಿದರೆ ಕೇಳಲಿಕ್ಕಿಲ್ಲ. ಸತ್ಯವೇದದಿಂದಲೇ ಹೇಳಿ. ಎರಡನೇ ಅರಸುಗಳು ಪುಸ್ತಕದ 20ನೇ ಅಧ್ಯಾಯ ತೆಗೆದು ಇಬ್ಬರೂ ಓದಿ. ಅರಸ ಹಿಜ್ಕೀಯನಿಗೆ ಸಾಯುವಂಥ ಕಾಯಿಲೆ. ಅತ್ತು ಪ್ರಾರ್ಥಿಸುತ್ತಾನೆ. ನಿನ್ನನ್ನು ವಾಸಿಮಾಡುತ್ತೇನೆ, ಇನ್ನೂ 15 ವರ್ಷ ಆಯುಷ್ಯ ಕೊಡುತ್ತೇನೆ ಎಂದು ದೇವರೇ ಪ್ರವಾದಿ ಯೆಶಾಯನ ಬಾಯಿಂದ ಹೇಳಿಸುತ್ತಾನೆ. ಅದಾದ ಮೇಲೆ ಯೆಶಾಯ ಏನು ಮಾಡಿಸಿದ ನೋಡಿ. ಅಂಜೂರದ ಹಣ್ಣಿನ ಲೇಪ ತರಿಸಿ ಹುಣ್ಣಿನ ಮೇಲೆ ಹಾಕಿಸಿದ. ದೇವರ ಮಾತು ಸಿಕ್ಕಿದ ಮೇಲೂ ಔಷಧಿ. ಅದರಿಂದ ಹಿಜ್ಕೀಯನ ನಂಬಿಕೆ ಕಡಿಮೆಯಾಯಿತು ಎಂದು ಅಲ್ಲಿ ಎಲ್ಲೂ ಬರೆದಿಲ್ಲ.

ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯವನ್ನೂ ಓದಿ. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಹಿಡಿದುಕೊಳ್ಳುತ್ತಾರೆ ಎಂದು ಸೈತಾನನು ಯೇಸುವಿಗೆ ಹೇಳುತ್ತಾನೆ. ಸುಮ್ನೆ ಹೇಳುವುದಿಲ್ಲ, 91ನೇ ಕೀರ್ತನೆಯ ವಚನ ಹಿಡಿದು ಹೇಳುತ್ತಾನೆ. ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದು ಉತ್ತರ ಕೊಟ್ಟ. ಮಷಿನ್ ಬಿಟ್ಟು ದೇವರು ಕಾಪಾಡುತ್ತಾನಾ ಎಂದು ನೋಡುವುದು ಆ ತುದಿಯಿಂದ ಹಾರಿದಂತೆ. ವಚನ ಹೇಳಿದ ಕೂಡಲೇ ಅದು ದೇವರ ಮಾತಾಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಿಮ್ಮ ಕಡೆಯವರಿಗೆ ಬೆಟಗೇರಿಯ ಜರ್ಮನ್ ಆಸ್ಪತ್ರೆ ಗೊತ್ತಿದ್ದೇ ಇರುತ್ತದೆ. ಅದನ್ನು ಕಟ್ಟಿದ್ದು ಬಾಸೆಲ್ ಮಿಶನ್‌ನವರು. ಸುವಾರ್ತೆ ಹೇಳಲು ಬಂದವರೇ ದವಾಖಾನೆಯನ್ನೂ ತೆರೆದರು. ಅವರಿಗೆ ಇವೆರಡರ ನಡುವೆ ಜಗಳ ಕಾಣಲಿಲ್ಲ. ಆ ಬೋಧಕರಿಗೆ ಕಂಡಿದೆ. ಅವರು ಈಗಾಗಲೇ ಮುಂದಿನ ಊರಿಗೆ ಹೋಗಿರುತ್ತಾರೆ. ಮನೆಯಲ್ಲಿ ಉಳಿಯುವವರು ನೀವು, ನಿಮ್ಮ ಮಗ.

ಇಷ್ಟಾದರೂ ಗಂಡ ಒಪ್ಪದಿದ್ದರೆ, ವಾದ ಬಿಟ್ಟು ಅವರನ್ನೇ ಕೇಳಿ: ‘ನಿಮಗೆ ಸುಸ್ತಾಗಿದೆಯಾ?’ ನನಗೆ ಅನುಮಾನ ಇರುವುದು ಅಲ್ಲೇ. ವಾರಕ್ಕೆ ಮೂರು ದಿನ, ಸುಮಾರು ನಾಲ್ಕು ಗಂಟೆ ಮಲಗಿ, ಮನೆಗೆ ಬಂದು ಎದ್ದು ಕೂರಲಾಗದ ಸ್ಥಿತಿ. ದುಡಿಯುತ್ತಿದ್ದ ಮನುಷ್ಯ. ಈಗ ಹೆಂಡತಿ ಮಗನ ಮೇಲೆ ಭಾರವಾಗಿದ್ದೇನೆ ಅನ್ನಿಸಿರಬಹುದು. ‘ಸಾಕಾಗಿದೆ’ ಎನ್ನಲು ಗಂಡಸರಿಗೆ ಬಾಯಿ ಬರುವುದಿಲ್ಲ. ‘ನಂಬಿಕೆ ಇದೆ’ ಎನ್ನುವುದು ಸುಲಭ. ಅಂಥದ್ದೇನಾದರೂ ಇದ್ದರೆ ಡಯಾಲಿಸಿಸ್ ಡಾಕ್ಟರಿಗೂ ಹೇಳಬೇಕು. ಮನಸ್ಸು ಕುಗ್ಗುವುದು ಈ ಕಾಯಿಲೆಯವರಲ್ಲಿ ಅಪರೂಪವಲ್ಲ, ಅದಕ್ಕೂ ಚಿಕಿತ್ಸೆ ಇದೆ. ನಿಮ್ಮ ಸಭಾಪಾಲಕರನ್ನು ಕರೆಸಿ. ಡಯಾಲಿಸಿಸ್ ದಿನವೇ ಬಂದು, ಹೊರಡುವ ಮೊದಲು ಅವರ ಜೊತೆ ಪ್ರಾರ್ಥಿಸಲಿ. ಕಾಯಿಲೆಯವನು ಸಭೆಯ ಹಿರಿಯರನ್ನು ಕರೆಸಿ ಪ್ರಾರ್ಥನೆ ಮಾಡಿಸಿಕೊಳ್ಳಲಿ ಎಂದು ಯಾಕೋಬನ ಪತ್ರದಲ್ಲಿದೆ. ಮದ್ದು ಬಿಡಲಿ ಎಂದಿಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಮಾತು ಕೇಳಿದೆ, ಕಷ್ಟ ಬಂತು. ಹಾಗಾದರೆ ತಪ್ಪು ಮಾಡಿದೆನಾ?

ಮೊದಲು ಒಂದು ಸರಳ ವಿಷಯ. ಶುಗರ್‌ನಿಂದ ಕಿಡ್ನಿ ಕೆಡುವುದು ವರ್ಷಗಟ್ಟಲೆ ನಡೆಯುವ ಕೆಲಸ. ಕೊನೆಯ ಹಂತ ಬರುವ ತನಕ ಹಲವರಿಗೆ ಗೊತ್ತೇ ಆಗುವುದಿಲ್ಲ. ನೀವು ಆ ಸುಳ್ಳು ಬಿಲ್‌ಗಳನ್ನು ಬರೆಯುತ್ತಿದ್ದಾಗಲೇ ನಿಮ್ಮವರ ಕಿಡ್ನಿ ಸೋಲುತ್ತಿದ್ದಿರಬೇಕು. ನೀವು ಕೆಲಸ ಬಿಟ್ಟಿದ್ದಕ್ಕೆ ಅದು ಬರಲಿಲ್ಲ. ಬಿಡದಿದ್ದರೂ ಬರುತ್ತಿತ್ತು.

ಆದರೂ ಕೈಯಲ್ಲಿ ಸಂಬಳ ಇರುತ್ತಿತ್ತಲ್ಲ ಅನ್ನುತ್ತೀರಿ. ನಿಜ. ಅದನ್ನು ಇಲ್ಲ ಎನ್ನಲಾರೆ. ಮಾತು ಕೇಳಿದ್ದಕ್ಕೆ ನಿಮಗೆ ನಷ್ಟವಾಗಿದೆ. ಯೋಸೇಫನಿಗೂ ಆಯಿತು. ಯಜಮಾನ ಪೋಟೀಫರನ ಹೆಂಡತಿ ಕರೆದಾಗ ಒಲ್ಲೆ ಎಂದ, ದೇವರಿಗೆ ವಿರುದ್ಧವಾಗಿ ಪಾಪ ಮಾಡಲಾರೆ ಎಂದ. ಸಿಕ್ಕಿದ್ದು ಜೈಲು. ಸಂಡೇ ಸ್ಕೂಲಿನಲ್ಲಿ ನಾವು ಈ ಕಥೆಯನ್ನು ಬಹಳ ಬೇಗ ಮುಗಿಸಿಬಿಡುತ್ತೇವೆ. ಬಣ್ಣದ ಅಂಗಿ, ಅಣ್ಣಂದಿರು ತಳ್ಳಿದ ಗುಂಡಿ, ಜೈಲು, ಕನಸು, ಅರಮನೆ. ಅರ್ಧ ಗಂಟೆಯಲ್ಲಿ ಅವನು ಐಗುಪ್ತದ (ಈಜಿಪ್ಟಿನ) ಅಧಿಕಾರಿ! ಅವನು ಕಥೆಗೆ ಬರುವಾಗ 17 ವರ್ಷ, ಅಲ್ಲಿನ ಅರಸ ಫರೋಹನ ಮುಂದೆ ನಿಂತಾಗ 30. ಅದರ ನಡುವಿನ ಒಂದು ದಿನವೂ ತನ್ನ ಕಥೆ ಹೇಗೆ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಹೋಗುತ್ತಿದ್ದ, ಅರಸನಿಗೆ ಕುಡಿಯಲು ಕೊಡುವ ಪಾನದಾಯಕನಿಗೆ, ನನ್ನನ್ನು ನೆನಪಿಡು, ಫರೋಹನಿಗೆ ನನ್ನ ವಿಷಯ ಹೇಳು ಎಂದು ಕೇಳಿಕೊಂಡ. ಆ ಮಹಾರಾಯ ಮರೆತೇಬಿಟ್ಟ. ಪೂರ್ತಿ ಎರಡು ವರ್ಷ. ಆ ಎರಡು ವರ್ಷದಲ್ಲಿ ಯೋಸೇಫನಿಗೂ ನಿಮ್ಮ ಪ್ರಶ್ನೆಯೇ ಬಂದಿರಲಿಕ್ಕೆ ಸಾಕು.

ನಿಮಗೂ ಕೊನೆಗೆ ಅರಮನೆ ಸಿಗುತ್ತದೆ ಎಂದು ನಾನು ಬರೆಯುವುದಿಲ್ಲ. ಹಾಗೆ ಬರೆಯುವ ಹಕ್ಕು ನನಗಿಲ್ಲ. ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯದಲ್ಲಿ ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ ಎಂಬ ಒಂದು ಸಾಲು ಇದೆ. ಅದೇ ಅಧ್ಯಾಯದಲ್ಲಿ ದೇವದೂತ ಬಂದು ಪೇತ್ರನನ್ನು ಸೆರೆಮನೆಯಿಂದ ಹೊರಗೆ ಕರೆತರುತ್ತಾನೆ. ಇಬ್ಬರೂ ಯೇಸುವಿನ ಹತ್ತಿರದವರೇ. ಯಾಕೋಬನಲ್ಲಿ ನಂಬಿಕೆ ಕಡಿಮೆ ಇತ್ತಾ? ಆ ಪುಸ್ತಕ ಬರೆದ ಲೂಕನು ಹಾಗೆ ಬರೆದಿಲ್ಲ. ಕಾರಣವನ್ನೇ ಬರೆದಿಲ್ಲ. ಪೇತ್ರ ಬಿಡುಗಡೆಯಾದ ಸುದ್ದಿ ಕಿವಿಗೆ ಬಿದ್ದಾಗ ತಮ್ಮ ಯೋಹಾನನಿಗೆ ಹೇಗಾಗಿರಬೇಕು? ಸಂತೋಷ ಆಗಿರುತ್ತದೆ. ನನ್ನ ಅಣ್ಣನಿಗೆ ಯಾಕೆ ಬಾಗಿಲು ತೆರೆಯಲಿಲ್ಲ ಎಂದೂ ಅನ್ನಿಸಿರುತ್ತದೆ, ಅಲ್ವಾ? ಕೂಟಗಳಲ್ಲಿ ಬೇರೆಯವರು ಎದ್ದು ನಿಂತು ಸಾಕ್ಷಿ ಹೇಳುವಾಗ ನಿಮಗೆ ಹೊಟ್ಟೆಯೊಳಗೆ ಕಲಸಿದಂತಾದರೆ ನಾಚಿಕೊಳ್ಳಬೇಡಿ. ಆ ಯೋಹಾನ ಮುಂದೆಯೂ ಶಿಷ್ಯನಾಗಿಯೇ ಉಳಿದ.

ಹಾಗಾಗಿ ನಿಮ್ಮ ಆ ತೀರ್ಮಾನವನ್ನು ಈಗಿನ ಕಷ್ಟದಿಂದ ಅಳೆಯಬೇಡಿ. ಅದು ಸರಿಯಿದ್ದದ್ದು ಸುಳ್ಳು ಬರೆಯುವುದು ತಪ್ಪಾಗಿದ್ದರಿಂದ. ಆಮೇಲೆ ಲಾಭವಾಗಿದ್ದರೂ ಅಷ್ಟೇ ಸರಿ, ನಷ್ಟವಾದರೂ ಅಷ್ಟೇ ಸರಿ. ವಿಧೇಯತೆ ದೇವರ ಹತ್ತಿರ ಇಟ್ಟ ಡೆಪಾಸಿಟ್ ಎಂದು ನಮಗೆ ಕಲಿಸಿದವರು ಯಾರೋ ಗೊತ್ತಿಲ್ಲ. ಬಳೆ ಕೊಟ್ಟರೆ ಎರಡರಷ್ಟು ಎನ್ನುವವರೂ ಅದನ್ನೇ ಕಲಿಸುತ್ತಿದ್ದಾರೆ. ಅಪ್ಪ ಅಮ್ಮನಿಗೆ ಖರ್ಚು ಮಾಡಬೇಕಾದ್ದನ್ನು ‘ಇದು ದೇವರಿಗೆ ಮೀಸಲು’ ಎಂದು ಎತ್ತಿಟ್ಟವರ ಮೇಲೆ ಯೇಸು ಸಿಟ್ಟಾದ ಭಾಗ ಮಾರ್ಕನ 7ನೇ ಅಧ್ಯಾಯದಲ್ಲಿದೆ. ಬಳೆ ಕೊಡಬೇಡಿ. ಕಾಯಿಲೆಯ ಮನೆಯಲ್ಲಿ ಅದರ ಅಗತ್ಯ ನಿಮಗೇ ಬೀಳುತ್ತದೆ.

ನಾದಿನಿಗೆ ಹೆಚ್ಚು ಹೇಳುವುದು ಬೇಡ. ಹುಟ್ಟುಕುರುಡನನ್ನು ನೋಡಿ ಯಾರು ಪಾಪ ಮಾಡಿದ್ದು ಎಂದು ಶಿಷ್ಯರು ಕೇಳಿದಾಗ, ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ಹೇಳಿದ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ನಿಮ್ಮ ನಾದಿನಿಯ ಮಾತನ್ನೇ ಉದ್ದುದ್ದ ಹೇಳಿದ್ದರು. ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ಗೊಣಗಿದ ಯೋಬನೇ ಅವರಿಗಾಗಿ ಪ್ರಾರ್ಥಿಸಬೇಕಾಯಿತು.

ಕೆಲಸದ ವಿಷಯ. ಅದೇ ಕೆಲಸ ಎಂದಾದರೆ ಹೋಗಬೇಡಿ ಎನ್ನುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭ, ಬರಿದಾದ ಗ್ಯಾಸ್ ಸಿಲಿಂಡರ್ ನನ್ನ ಮನೆಯದಲ್ಲ ಎಂಬುದು ಗೊತ್ತಿದೆ. ದೇವರ ಮಾತು ಪಕ್ಕಕ್ಕಿಟ್ಟು ನೋಡಿದರೂ, ನಾಳೆ ತೆರಿಗೆಯವರು ಪುಸ್ತಕ ತೆರೆದರೆ ಅಲ್ಲಿರುವುದು ನಿಮ್ಮ ಕೈಬರಹ. ಗಂಡ ಆಸ್ಪತ್ರೆಯಲ್ಲಿರುವಾಗ ನೀವು ವಿಚಾರಣೆಗೆ ಓಡಾಡುವ ಸ್ಥಿತಿ ಬೇಡ. ಆದರೆ ಮಾಲೀಕರನ್ನು ಒಂದು ಮಾತು ನೇರವಾಗಿ ಕೇಳಬಹುದು: ‘ಸರಿಯಾದ ಲೆಕ್ಕ ಮಾತ್ರ ಬರೆಯುತ್ತೇನೆ, ಒಪ್ಪಿಗೆಯಾ?’ ಅವರು ನಿಮ್ಮನ್ನೇ ಹುಡುಕಿಕೊಂಡು ಬಂದಿದ್ದಾರೆ ಎಂದರೆ ನಿಮ್ಮ ಕೆಲಸಕ್ಕೆ ಬೆಲೆ ಇದೆ. ಒಪ್ಪಿ, ಅದರಂತೆ ನಡೆದರೆ, ಅದೇ ಅಂಗಡಿಗೆ ಹೋಗುವುದರಲ್ಲಿ ತಪ್ಪಿಲ್ಲ. ಆಹಾಬನಂಥ ದುಷ್ಟ ಅರಸನ ಅರಮನೆಯಲ್ಲೇ ಇದ್ದುಕೊಂಡು ಓಬದ್ಯನು ನೂರು ಪ್ರವಾದಿಗಳನ್ನು ಗವಿಯಲ್ಲಿ ಬಚ್ಚಿಟ್ಟು ಕಾಪಾಡಿದ. ಎಲ್ಲಿ ಕೂತಿದ್ದೀರಿ ಅನ್ನುವುದಕ್ಕಿಂತ ಏನು ಬರೆಯುತ್ತೀರಿ ಅನ್ನುವುದು ಮುಖ್ಯ. ಒಪ್ಪದಿದ್ದರೆ ಸಣ್ಣ ಅಂಗಡಿಗಳ ಲೆಕ್ಕ ಮನೆಯಲ್ಲೇ ಕೂತು ಬರೆದುಕೊಡಬಹುದು. ಊರಿನ ತೆರಿಗೆ ಸಲಹೆಗಾರರ ಹತ್ತಿರ ವಿಚಾರಿಸಿ. ರಿಟರ್ನ್ಸ್ ಕೆಲಸಕ್ಕೆ ಅವರಿಗೆ ಜನ ಬೇಕಾಗುತ್ತಾರೆ.

ಅಷ್ಟರ ತನಕ ಸಹಾಯ ಕೇಳಿ. ಯೋಸೇಫನೂ ಕೇಳಿದ. ಮೊದಲ ಸಭೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗದಿದ್ದಾಗ ಅವರ ಕಡೆಯವರು ಗೊಣಗಿದರು. ಅಪೊಸ್ತಲರು ‘ಹೆಚ್ಚು ಪ್ರಾರ್ಥಿಸಿ’ ಎಂದು ಕಳಿಸಲಿಲ್ಲ. ಏಳು ಜನರನ್ನು ಆ ಕೆಲಸಕ್ಕೇ ನೇಮಿಸಿದರು. ನಿಮ್ಮ ಸಭೆಗೂ ಗೊತ್ತಾಗಲಿ: ರೇಷನ್, ಆಸ್ಪತ್ರೆಗೆ ಹೋಗಿಬರುವ ಖರ್ಚು, ಒಂದು ದಿನ ನಿಮ್ಮ ಬದಲು ಅವರ ಪಕ್ಕ ಕೂರುವವರು. ಬಾಯಿಬಿಟ್ಟು ಇಷ್ಟೇ ಬೇಕು ಎಂದು ಹೇಳಿ. ಜಿಲ್ಲಾ ಆಸ್ಪತ್ರೆಗಳಲ್ಲಿ, ಹಲವು ತಾಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಇದೆ. ನೀವು ಇನ್ನೂ ದುಡ್ಡು ಕಟ್ಟುತ್ತಿದ್ದರೆ ಬಿಪಿಎಲ್ ಕಾರ್ಡ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದು ಅಲ್ಲಿ ಕೇಳಿ. ಕಿಡ್ನಿ ಕಸಿ ಇವರಿಗೆ ಆಗುತ್ತದಾ ಎಂದು ಡಾಕ್ಟರನ್ನು ಕೇಳಿ. ಆಗುವುದಾದರೆ ರಾಜ್ಯದ ಅಂಗಾಂಗ ದಾನದ ಸಂಸ್ಥೆ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸುವುದು ಹೇಗೆ ಎಂದೂ ತಿಳಿದುಕೊಳ್ಳಿ. ಮಗನಿಗೆ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ಸಿಗುತ್ತದಾ ಎಂದೂ ಕೇಳಿ. ಕಾಲೇಜಿನ ಕಚೇರಿಯಲ್ಲೇ ಹೇಳುತ್ತಾರೆ.

ಪ್ರಾರ್ಥನೆಗೆ ಬಾಯಿ ಬರುತ್ತಿಲ್ಲ ಅಂದಿರಿ. ಬರದಿದ್ದರೆ 88ನೇ ಕೀರ್ತನೆ ಓದಿ. ಬೇರೆ ಅಳುವ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಎಲ್ಲೋ ಒಂದು ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಯಾರೋ ಅದನ್ನು ಹಾಗೇ ಬರೆದರು, ಯಾರೂ ಅದನ್ನು ತೆಗೆದುಹಾಕಲಿಲ್ಲ. ನಿಮ್ಮ ಸಿಟ್ಟಿಗೆ ಸತ್ಯವೇದದಲ್ಲೇ ಜಾಗ ಇದೆ. ದೇವರ ಮೇಲೆ ಸಿಟ್ಟು ಬಂದಿದ್ದರೆ ಅದನ್ನು ನಾದಿನಿಗೆ ಹೇಳದೆ ದೇವರಿಗೇ ಹೇಳಿ. ಗೆತ್ಸೇಮನೆಯಲ್ಲಿ ಯೇಸುವೂ ಈ ಪಾತ್ರೆ ಬೇಡ ಎಂದು ಮೊದಲು ಹೇಳಿ, ಆಮೇಲೆ ನಿನ್ನ ಚಿತ್ತದಂತಾಗಲಿ ಎಂದ. ನಮ್ಮ ಸಭೆಗಳಲ್ಲಿ ಮೊದಲನೇ ಮಾತನ್ನು ನುಂಗಿಸಿ, ಎರಡನೇ ಮಾತನ್ನು ಮಾತ್ರ ಜನರಿಂದ ಹೇಳಿಸುತ್ತಾರೆ. ನೀವು ಎರಡನೆಯದಕ್ಕೆ ಇನ್ನೂ ಬಂದಿಲ್ಲದಿದ್ದರೆ ಅವಸರ ಬೇಡ.

ಈ ಉತ್ತರ ಓದಿದ ಕೂಡಲೇ ಮೊದಲ ಫೋನ್ ಸಭಾಪಾಲಕರಿಗೆ ಹೋಗಲಿ. ಮುಂದಿನ ಡಯಾಲಿಸಿಸ್ ದಿನ, ಹೊರಡುವ ಮೊದಲೇ ಅವರು ನಿಮ್ಮ ಮನೆಗೆ ಬರಬೇಕು. ಅಷ್ಟರಲ್ಲಿ ಗಂಡನಿಗೆ ಉಬ್ಬಸ, ತೀರಾ ಸುಸ್ತು, ಎದೆ ಹೊಡೆದುಕೊಳ್ಳುವುದು, ಮಾತಿನಲ್ಲಿ ಗೊಂದಲ ಏನೇ ಕಂಡರೂ ಯಾರಿಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ.